ನೀರು ಹಿಂದೆ ಸರಿದ ನೆಲದ ದನಗಾಹಿಗಳು

ನೈಲ್, ಸಿಂಧೂ, ಯೂಫ್ರೆಟಿಸ್ ಎಂದು ನದೀ ಕಣಿವೆಗಳ ಹೆಸರುಗಳನ್ನು ನನ್ನ ವಿದ್ಯಾರ್ಥಿಗಳೆಲ್ಲರೂ ಬಾಯಿಪಾಠ ಮಾಡಿದವರೇ. ನೀರಿದ್ದಲ್ಲಿ ನಾಗರಿಕತೆ ಎಂಬುದು ನಾವು ಕಲಿಸಿದ, ಕಲಿತ ಪಾಠ. ಆದರೆ ನೀರು ಹಿಂದೆ ಸರಿದುಹೋದ ನೆಲದಲ್ಲಿಯೂ ಮನುಷ್ಯ ಬಾಳಿದ್ದಾನೆ. ಅವನಿಗೂ ಒಂದು ಇತಿಹಾಸವಿದೆ. ಅಂಥವರಾದ ತುರ್ಕಾನಾ ದನಗಾಹಿಗಳ ವಿಚಾರವನ್ನು ಇಂದು ಬರೆಯುತ್ತಿದ್ದೇನೆ.

ಕೀನ್ಯಾ ದೇಶದ ವಾಯವ್ಯ ಮೂಲೆಯಲ್ಲಿ ತುರ್ಕಾನಾ ಸರೋವರವಿದೆ. 1888ರಲ್ಲಿ ಅಲ್ಲಿಗೆ ಬಂದ ಹಂಗೇರಿಯ ಟೆಲೆಕಿ ಎಂಬ ಶ್ರೀಮಂತ, ಅದಕ್ಕೆ ಆಸ್ಟ್ರಿಯಾದ ಯುವರಾಜ ರುಡಾಲ್ಫನ ಹೆಸರಿಟ್ಟ. 1975ರಲ್ಲಿ ಅದು ಅಲ್ಲಿನ ಜನರ ಹೆಸರನ್ನೇ ಪಡೆಯಿತು. ಕಣ್ಣಳತೆ ಮೀರಿದಷ್ಟು ನೀರಿದ್ದರೂ ಅದು ಕ್ಷಾರಯುಕ್ತ, ಉಪ್ಪುಪ್ಪು, ಕುಡಿಯಲು ಹಿತವಲ್ಲ. ಸುಮಾರು 5,000 ವರ್ಷಗಳ ಹಿಂದೆ ಆ ಪ್ರಾಂತದಲ್ಲಿ ಮಳೆ ಕ್ಷೀಣಿಸಿ, ಸರೋವರ ಕುಗ್ಗತೊಡಗಿತು. ಆ ಸಂಕಟದ ಕಾಲದಲ್ಲಿಯೇ ಅಲ್ಲಿಯ ಮೊದಲ ಪಶುಪಾಲಕರು ಲೋಥಗಮ್ ಎಂಬಲ್ಲಿ ಕಲ್ಲುಗಂಬಗಳ ಮಹಾಸಮಾಧಿಯನ್ನು ಕಟ್ಟಿದರು. 2018ರಲ್ಲಿ ಪ್ರಕಟವಾದ ಸಂಶೋಧನೆಯ ಅಂದಾಜಿನಂತೆ ಅಲ್ಲಿ ಕನಿಷ್ಠ 580 ಜನರನ್ನು ಹೂಳಲಾಗಿದೆ. ಹಿರಿಯರು, ಕಿರಿಯರು, ಗಂಡಸರು, ಹೆಂಗಸರು ಎಲ್ಲರೂ ಒಂದೇ ಕಡೆ. ಅರಸನಿಗೆಂದು ಬೇರೆ ಗೋರಿಯಿಲ್ಲ.

ಬಿಸಿಲಿನಲ್ಲಿ ದುಡಿಯುವ ಮನುಷ್ಯನ ದೇಹದಿಂದ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗಬಲ್ಲದು. ಶರೀರಶಾಸ್ತ್ರಜ್ಞ ಕ್ನುಟ್ ಸ್ಮಿತ್-ನೀಲ್ಸನ್ 1953-54ರಲ್ಲಿ ಸಹಾರಾದ ಬೆನಿ ಅಬ್ಬೆಸ್‌ನಲ್ಲಿ ಒಂಟೆಗಳನ್ನು ಅಭ್ಯಸಿಸಿದರು. ತನ್ನ ತೂಕದ ಕಾಲು ಭಾಗದಷ್ಟು ನೀರನ್ನು ಕಳೆದುಕೊಂಡರೂ ಒಂಟೆ ತಾಳಿಕೊಳ್ಳುತ್ತದೆ; ನೀರು ಸಿಕ್ಕಾಗ ಹತ್ತೇ ನಿಮಿಷದಲ್ಲಿ ನೂರು ಲೀಟರಿನಷ್ಟು ಕುಡಿದು ಚೇತರಿಸಿಕೊಳ್ಳುತ್ತದೆ. ಬಿಸಿಲಿನಲ್ಲಿ ಮನುಷ್ಯ ಹತ್ತು-ಹನ್ನೆರಡನೆಯ ಒಂದು ಭಾಗ ಕಳೆದುಕೊಂಡರೆ ಪ್ರಾಣಕ್ಕೇ ಸಂಚಕಾರ. ಒಂದೇ ಸಲ ಹೊಟ್ಟೆ ತುಂಬ ಕುಡಿದು ಇಡಲು ಅವನಿಂದಾಗದು. ಆದುದರಿಂದ ಮರುಭೂಮಿಯಲ್ಲಿ ಅವನನ್ನು ಉಳಿಸಬೇಕಾದುದು ಜಾಣ್ಮೆ, ಮತ್ತು ಅವನ ಜಾನುವಾರು.

ಹಸು, ಒಂಟೆ, ಮೇಕೆಗಳು ತಾವು ಕುಡಿದ ನೀರನ್ನೂ ಮೇದ ಎಲೆಯ ರಸವನ್ನೂ ಹಾಲಾಗಿಸಿ ಕೊಡುತ್ತವೆ. ಹಾಲಿನಲ್ಲಿ ನೂರಕ್ಕೆ 85 ಪಾಲಿಗೂ ಹೆಚ್ಚು ನೀರೇ ಇದೆ. ಹಾಲು ಬತ್ತಿದ ಬೇಸಿಗೆಯಲ್ಲಿ ತುರ್ಕಾನಾ ಜನ ಬದುಕಿರುವ ಪಶುವಿನ ಕತ್ತಿನ ನಾಳವನ್ನು ಮೊಂಡು ಬಾಣದಿಂದ ಚುಚ್ಚಿ, ರಕ್ತವನ್ನು ಅಳೆದು ತೆಗೆದು, ಗಾಯವನ್ನು ಮುಚ್ಚಿಬಿಡುತ್ತಾರೆ. ಬತ್ತಿದ ಹೊಳೆಯ ಮರಳಿನಲ್ಲಿ, ನಮ್ಮ ಬಯಲುಸೀಮೆಯವರು ಒರತೆ ತೋಡುವಂತೆಯೇ, ಗುಂಡಿ ತೋಡಿ, ಒಬ್ಬರ ಕೈಯಿಂದ ಒಬ್ಬರಿಗೆ ಪಾತ್ರೆ ದಾಟಿಸುತ್ತ ನೀರನ್ನು ಮೇಲೆತ್ತುತ್ತಾರೆ. ಮನೆಗೆ ನೀರು ಹೊರುವುದು ಮಾತ್ರ ಹೆಂಗಸರ ಪಾಲು. ಅದಕ್ಕಾಗಿ ದಿನಕ್ಕೆ ಹಲವು ಕಿಲೋಮೀಟರ್ ನಡೆಯಬೇಕು.

ಆದರೆ ರಕ್ತ, ಮಾಂಸಗಳ ಆಹಾರಕ್ಕೆ ಒಂದು ಬೆಲೆಯಿದೆ. ಅದರಿಂದ ಹುಟ್ಟುವ ಕಲ್ಮಶವನ್ನು ಹೊರಹಾಕಲು ಮೂತ್ರಪಿಂಡಕ್ಕೆ ಇನ್ನಷ್ಟು ನೀರು ಬೇಕು. ಈ ಕಗ್ಗಂಟನ್ನು ಅವರ ದೇಹ ಹೇಗೆ ಬಿಡಿಸಿತು? 2025ರ ಸೆಪ್ಟೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉತ್ತರವನ್ನು ಸೂಚಿಸಿದೆ. ಕೀನ್ಯಾ ಮತ್ತು ಅಮೆರಿಕದ ವಿಜ್ಞಾನಿಗಳು 367 ಜನರ ಸಂಪೂರ್ಣ ವಂಶವಾಹಿಗಳನ್ನು ಪರಿಶೀಲಿಸಿ, ಎಂಟು ಕಡೆ ನಿಸರ್ಗದ ಆಯ್ಕೆಯ ಗುರುತುಗಳನ್ನು ಕಂಡರು. ಅವುಗಳಲ್ಲಿ ಪ್ರಮುಖವಾದುದು ‘ಎಸ್‌ಟಿಸಿ 1’ ಎಂಬ ವಂಶವಾಹಿ. ಅದು ಮೂತ್ರವನ್ನು ಸಾಂದ್ರಗೊಳಿಸಿ ನೀರನ್ನು ಉಳಿಸಲು ನೆರವಾಗುತ್ತದೆ. ಮಾಂಸಾಹಾರದ ಕಲ್ಮಶದಿಂದ ಮೂತ್ರಪಿಂಡವನ್ನು ಕಾಯುತ್ತಿರಲೂಬಹುದು. ಈ ಆಯ್ಕೆ ಬಲಗೊಂಡ ಕಾಲ, ಆ ನೆಲ ಒಣಗಿದ ಕಾಲ, ಎರಡೂ ಸರಿಸುಮಾರು ಹೊಂದುತ್ತವೆ. ಲಿಪಿಯಿಲ್ಲದವರ ಇತಿಹಾಸ ಅವರ ಮೈಯಲ್ಲಿಯೇ ಬರೆದಿತ್ತು!

ಇಲ್ಲಿ ಒಂದು ಎಚ್ಚರಿಕೆಯ ಮಾತು. ಇದನ್ನು ಓದಿ, ‘ಅವರು ಹೇಗೂ ಬಾಯಾರಿಕೆ ತಾಳಬಲ್ಲರು’ ಎಂದು ಯಾರೂ ತೀರ್ಮಾನಿಸಬಾರದು. ತಾಳುವುದು ಬೇರೆ, ಬೇಡವಾಗಿರುವುದು ಬೇರೆ. ಬರಗಾಲದಲ್ಲಿ ಮೊದಲು ಸಾಯುವುದು ಜಾನುವಾರು. ಅವುಗಳೊಡನೆ ಹಾಲೂ ಹೋಗುತ್ತದೆ. 2020ರಿಂದ 2023ರವರೆಗೆ ಪೂರ್ವ ಆಫ್ರಿಕಾವನ್ನು ಕಾಡಿದ ಬರ ಅದನ್ನು ಮತ್ತೊಮ್ಮೆ ತೋರಿಸಿತು. 2013ರಲ್ಲಿ ಲೊಟಿಕಿಪಿ ಬಯಲಿನಡಿ ಅಪಾರ ಅಂತರ್ಜಲವಿದೆ ಎಂದು ಸಾರಲಾಯಿತು. ಪರೀಕ್ಷೆಯಲ್ಲಿ ಅದು ಕುಡಿಯಲಾಗದಷ್ಟು ಉಪ್ಪೆಂದು ತಿಳಿದುಬಂತು. ಇತ್ತ ಊರು ಬಿಟ್ಟು ನಗರ ಸೇರಿದ ತುರ್ಕಾನಾ ಜನರಲ್ಲಿ ರಕ್ತದೊತ್ತಡ, ಬೊಜ್ಜು ಹೆಚ್ಚಿರುವುದನ್ನು 2020ರ ಅಧ್ಯಯನವೊಂದು ದಾಖಲಿಸಿದೆ. ಹಾಲು, ನಡಿಗೆಗಳ ಬಾಳಿಗೆ ಹದಗೊಂಡ ದೇಹಕ್ಕೆ ಮೈದಾಹಿಟ್ಟು, ಸಕ್ಕರೆ, ಎಣ್ಣೆಗಳ ಊಟ ಒಗ್ಗದಿರುವುದು ಸಹಜ.

ದೇಹ ಹೊಸ ಪಾಠ ಕಲಿಯಲು ಸಹಸ್ರಾರು ವರ್ಷ ಬೇಕು. ಹವೆ ಕೆಡಲು, ಪೇಟೆ ಬೆಳೆಯಲು ಒಂದೇ ತಲೆಮಾರು ಸಾಕು. ನಿಮ್ಮಲ್ಲಿ ಅನೇಕರು ಇಂದು ವೈದ್ಯರು, ಎಂಜಿನಿಯರುಗಳು, ಅಧಿಕಾರಿಗಳು. ಬರದ ನಾಡಿನ ಜನರಿಗೆ ಎಷ್ಟು ನೀರು ಸಾಕು ಎಂಬ ಲೆಕ್ಕ ನಿಮ್ಮ ಮೇಜಿಗೆ ಬಂದಾಗ, ಅವರು ತಾಳಿದ್ದನ್ನಲ್ಲ, ಅವರಿಗೆ ಬೇಕಾದದ್ದನ್ನು ಬರೆಯಿರಿ.