ಮುಪ್ಪಿನಲ್ಲಿ ಬೀಳುವುದು ಅನಿವಾರ್ಯವೇ?

ಗುರುತ್ವ ಕೇಂದ್ರದಿಂದ ಇಳಿದ ಲಂಬರೇಖೆ ಆಧಾರದೊಳಗೆ ಇರುವವರೆಗೆ ವಸ್ತು ಬೀಳದು. ಇದು ನಿಮಗೆ ತಿಳಿದದ್ದೇ. ನಿಂತ ಮನುಷ್ಯನಿಗೆ ಆಧಾರವೆಂದರೆ ಎರಡು ಪಾದಗಳು ಆವರಿಸಿದ ಜಾಗವಷ್ಟೆ. ರೇಖೆಯನ್ನು ಅದರೊಳಗೇ ಇರಿಸಲು ಕಣ್ಣು, ಒಳಗಿವಿ, ಪಾದಗಳ ಸಂವೇದನೆ, ಸ್ನಾಯುಗಳು ಸದಾ ದುಡಿಯುತ್ತವೆ. ವಯಸ್ಸಾದಂತೆ ಇವು ಮಂದವಾಗುತ್ತವೆ. ಹಾಗೆಂದು ಬೀಳುವುದು ಮುಪ್ಪಿನ ಹಣೆಬರಹವೇ?

1960ರಲ್ಲಿ ಇಂಗ್ಲೆಂಡಿನ ವೈದ್ಯ ಜೋಸೆಫ್ ಶೆಲ್ಡನ್, 202 ಮಂದಿ ಬಿದ್ದ 500 ಪ್ರಸಂಗಗಳನ್ನು ವಿಂಗಡಿಸಿದರು. ಎಡವುವುದು, ಮೆಟ್ಟಿಲು, ತಲೆಸುತ್ತು, ಹೀಗೆ ಕಾರಣಗಳು ಹಲವು.

ಅಮೆರಿಕದ ಮೇರಿ ಟಿನೆಟ್ಟಿ ಮತ್ತು ಸಂಗಡಿಗರು 75 ವರ್ಷ ತುಂಬಿದ 336 ಮಂದಿಯನ್ನು ಒಂದು ವರ್ಷ ಗಮನಿಸಿ 1988ರಲ್ಲಿ ವರದಿ ಮಾಡಿದರು. ನಿದ್ರೆ ತರಿಸುವ ಔಷಧಿ, ಕಾಲಿನ ದೌರ್ಬಲ್ಯ, ಪಾದದ ತೊಂದರೆ ಮುಂತಾದ ಅಪಾಯಾಂಶಗಳಲ್ಲಿ ಒಂದೂ ಇಲ್ಲದವರಿಗೆ ಬೀಳುವ ಸಂಭವ ಶೇ. 8, ನಾಲ್ಕು ಅಥವಾ ಹೆಚ್ಚು ಇದ್ದವರಿಗೆ ಶೇ. 78! ಅಂದರೆ, ವಯಸ್ಸೊಂದೇ ಕಾರಣವಲ್ಲ.

ಅವರೇ 1994ರಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಔಷಧಿ ಸರಿಪಡಿಸಿ, ವ್ಯಾಯಾಮ ಕಲಿಸಿದ ಗುಂಪಿನಲ್ಲಿ ಬಿದ್ದವರು ಶೇ. 35, ಹೋಲಿಕೆಯ ಗುಂಪಿನಲ್ಲಿ ಶೇ. 47. ಮನೆಯಲ್ಲೇ ಮಾಡುವ ವ್ಯಾಯಾಮದಿಂದ 80 ತುಂಬಿದ ಮಹಿಳೆಯರು ಬೀಳುವುದೂ ಕಡಿಮೆಯಾಯಿತೆಂದು 1997ರಲ್ಲಿ ನ್ಯೂಜಿಲೆಂಡಿನ ಪ್ರಯೋಗ ತೋರಿಸಿತು.

ಮನೆಯಲ್ಲಿ ಅಜ್ಜಿ ಬಿದ್ದರೆ ‘ವಯಸ್ಸಾಯಿತು’ ಎಂದು ಸುಮ್ಮನಾಗಬೇಡಿ. ಬಚ್ಚಲಿನ ನೆಲ, ಮೆಟ್ಟಿಲಿನ ಬೆಳಕು, ಕನ್ನಡಕ, ನುಂಗುವ ಮಾತ್ರೆ ಒಂದೊಂದನ್ನೂ ಪರಿಶೀಲಿಸಿ, ವೈದ್ಯರನ್ನು ಕೇಳಿ. ಗುರುತ್ವವನ್ನು ಬದಲಿಸಲಾಗದು, ಇವನ್ನು ಬದಲಿಸಬಹುದು.