ಎಣ್ಣೆ ನಗರದ ಕೆಳಗಿನ ಬಂಡೆ

ಸಮುದ್ರದ ಇಲ್ಲವೇ ಸರೋವರದ ತಳದಲ್ಲಿ ಕೆಸರು ಪದರಪದರವಾಗಿ ಕೂತು, ಅದರೊಳಗೆ ಹೂತ ಜೀವಿಗಳ ಅವಶೇಷ ಭೂಮಿಯ ಬಿಸಿಗೆ ಬೆಂದ ಕಡೆ ಕಲ್ಲೆಣ್ಣೆ ಹುಟ್ಟುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ನೆಲದಡಿ ಅಂಥ ಪದರಶಿಲೆ ಇಲ್ಲ. ಕೊಳವೆಬಾವಿ ಕೊರೆದರೆ ಮೇಲಿನ ಶಿಥಿಲ ಕಲ್ಲು ದಾಟುತ್ತಲೇ ಗಟ್ಟಿ ಬಂಡೆಯ ಬೂದುಬಣ್ಣದ ಪುಡಿ ಏಳುತ್ತದೆ; ನೀರು ಸಿಕ್ಕರೂ ಬಿರುಕಿನಲ್ಲೇ ಸಿಗಬೇಕು. ಈ ಗ್ರಾನೈಟ್, ನೈಸ್ ಶಿಲೆಗಳ ವಯಸ್ಸು ಸುಮಾರು 250 ಕೋಟಿ ವರ್ಷ, ಕೆಲವೆಡೆ ಇನ್ನೂ ಹೆಚ್ಚು. ಚಳ್ಳಕೆರೆಗೆ ‘ಎಣ್ಣೆ ನಗರ’ವೆಂಬ ಹೆಸರು ತಂದದ್ದು ಕೆಂಪುಮಣ್ಣಿನ ಶೇಂಗಾ ಮತ್ತು ಅದನ್ನು ಅರೆದ ಗಿರಣಿಗಳು.

ನಾಡಿನ ಶಿಲೆಗಳ ಪರಿಚಯವಾದದ್ದು ಊರೂರು ಅಲೆದು ನಕ್ಷೆ ಬರೆದವರಿಂದ. ಧಾರವಾಡ ಶಿಲೆಗಳನ್ನು 1880ರ ದಶಕದಲ್ಲಿ ಬೇರೆಯಾಗಿ ಗುರುತಿಸಿದವರು ರಾಬರ್ಟ್ ಬ್ರೂಸ್ ಫೂಟ್. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ತೆರೆದಾಗ ಮೊದಲ ಹೊಣೆ ಹೊತ್ತವರೂ ಅವರೇ. ಇಲಾಖೆ ಚಿನ್ನ, ಕಬ್ಬಿಣ, ಮ್ಯಾಂಗನೀಸ್ ಅದಿರುಗಳ ಬೆನ್ನು ಹತ್ತಿತು. ಕಲ್ಲೆಣ್ಣೆಯ ಗೋಜಿಗೆ ಹೋಗದಿದ್ದುದು ಉದಾಸೀನದಿಂದಲ್ಲ. ಎಲ್ಲಿ ಹುಡುಕಬಾರದೆಂದು ತಿಳಿಸುವುದೂ ಒಳ್ಳೆಯ ನಕ್ಷೆಯ ಕೆಲಸ, ಆ ಮಟ್ಟಿಗೆ ಅವರ ದುಡಿಮೆ ಮುಂದಿನವರ ಎಷ್ಟೋ ಖರ್ಚು ಉಳಿಸಿತು.

ಪದರಶಿಲೆ ಬೇಕಾದರೆ ಉತ್ತರಕ್ಕೆ, ಕಲಾದಗಿ ಮತ್ತು ಭೀಮಾ ಜಲಾನಯನಗಳಿಗೆ, ಅಂದರೆ ಹಿಂದೆ ಕೆಸರು ತುಂಬಿಕೊಂಡ ತಗ್ಗುಗಳಿಗೆ, ಹೋಗಬೇಕು. ಭೀಮಾ ಶಿಲೆಗಳನ್ನು ವಿಲಿಯಂ ಕಿಂಗ್ 1872ರಲ್ಲಿ, ಕಲಾದಗಿ ಶಿಲೆಗಳನ್ನು ಫೂಟ್ 1876ರಲ್ಲಿ ವಿವರಿಸಿದರು. ಬಾದಾಮಿಯ ಗುಹೆಗಳ ಕೆಂಪು ಮರಳುಗಲ್ಲು, ಮನೆಯ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಈ ಜಲಾನಯನಗಳವೇ. ತೊಡಕಿರುವುದು ವಯಸ್ಸಿನಲ್ಲಿ. ಇವು ರೂಪುಗೊಂಡ ಕಾಲದಲ್ಲಿ ಮೀನಿರಲಿಲ್ಲ, ನೆಲದ ಮೇಲೆ ಗಿಡಮರವಿರಲಿಲ್ಲ, ಇದ್ದದ್ದೆಲ್ಲ ಸೂಕ್ಷ್ಮಜೀವಿಗಳು. ಇಷ್ಟು ಹಳೆಯ ಕಲ್ಲಿನಲ್ಲಿ ಎಣ್ಣೆ ಎಲ್ಲಿಂದ ಬರಬೇಕು ಎಂಬ ಅನುಮಾನ ಸಹಜವೇ ಆಗಿತ್ತು. ಸೈಬೀರಿಯಾ, ಒಮಾನ್‌ಗಳ ಅಂಥ ಪ್ರಾಚೀನ ಶಿಲೆಗಳಲ್ಲಿ ಅದರ ಮೂಲ ಕಂಡಮೇಲೆ ಕಲಾದಗಿ, ಭೀಮಾಗಳ ಮೇಲೂ ಕಣ್ಣು ಬಿತ್ತು.

ಶೋಧದ ಮೊದಲ ಹಂತಕ್ಕೆ ದೊಡ್ಡ ಯಂತ್ರ ಬೇಡ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಎರಡೂ ಜಲಾನಯನಗಳ ಮಣ್ಣನ್ನು ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ವಿಧಾನದಲ್ಲಿ ಉತ್ತು ಕಲಕಿದ ಮೇಲ್ಮಣ್ಣನ್ನು ಬಿಟ್ಟು ಆಳದ ಮಣ್ಣು ತೆಗೆಯುತ್ತಾರೆ. ನುಣ್ಣಗೆ ಜರಡಿ ಹಿಡಿದು, ಗಾಳಿ ಹೊರತೆಗೆದ ಪಾತ್ರೆಯಲ್ಲಿ ಅದಕ್ಕೆ ಆಮ್ಲ ಸೇರಿಸುತ್ತಾರೆ. ಮಣ್ಣಿನ ಕಣಗಳಿಗೆ ಅಂಟಿಕೊಂಡಿದ್ದ ಅನಿಲ ಬಿಟ್ಟುಬರುತ್ತದೆ. ಬರೀ ಮೀಥೇನ್ ಆದರೆ ಅದು ಜೌಗಿನ ಸೂಕ್ಷ್ಮಾಣುಗಳದ್ದೂ ಇರಬಹುದು. ಜೊತೆಗೆ ಈಥೇನ್, ಪ್ರೊಪೇನ್ ಇದ್ದರೆ ಆಳದಿಂದ ಒಸರಿದ್ದೆಂಬ ಶಂಕೆ ಬಲಗೊಳ್ಳುತ್ತದೆ.

ಆದರೆ ಒಸರಿದ ಅನಿಲವೆಂದರೆ ನಿಕ್ಷೇಪವೆಂದಲ್ಲ. ಕೇಂದ್ರದ ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯ ದೇಶದ 26 ಜಲಾನಯನಗಳನ್ನು ವಿಂಗಡಿಸಿದಾಗ ಭೀಮಾ–ಕಲಾದಗಿ ಸೇರಿದ್ದು ಮೂರನೆಯ, ಅಂದರೆ ಸಂಭವವಿದ್ದು ಎಣ್ಣೆಯಿನ್ನೂ ಕಾಣದ ವರ್ಗಕ್ಕೆ. ಮುಂದಿನ ಹೆಜ್ಜೆ ಕೃತಕ ಕಂಪನ ಹುಟ್ಟಿಸಿ ಪದರಗಳ ರೂಪ ಅರಿಯುವುದು, ಆಮೇಲೆ ಆಳದ ಬಾವಿ ಕೊರೆಯುವುದು. ಆದರೆ ಉತ್ತರದಲ್ಲಿ ಈ ಪದರಗಳ ಮೇಲೆ ದಖ್ಖನ್ನಿನ ಕಪ್ಪು ಬಸಾಲ್ಟ್ ಹರಡಿದ್ದು, ಕಂಪನದ ಅಲೆಗಳನ್ನು ಅದು ಚದುರಿಸಿಬಿಡುತ್ತದೆ.