ಅತಿಥಿ ಮೊದಲು, ಪಠ್ಯ ಆಮೇಲೆ

ಅಮೆರಿಕದ ಕಪ್ಪು ಇತಿಹಾಸಕಾರ ಕಾರ್ಟರ್ ವುಡ್‌ಸನ್ ಅವರ ತಂದೆತಾಯಿ ಗುಲಾಮರಾಗಿದ್ದವರು. ಕಲ್ಲಿದ್ದಲು ಗಣಿಯಲ್ಲಿ ದುಡಿದು, ತಡವಾಗಿ ಹೈಸ್ಕೂಲು ಸೇರಿದ ವುಡ್‌ಸನ್ 1912ರಲ್ಲಿ ಹಾರ್ವರ್ಡ್‌ನಿಂದ ಪಿಎಚ್.ಡಿ. ಪಡೆದರು. ಮತ್ತೊಬ್ಬ ಕಪ್ಪು ವಿದ್ವಾಂಸ ಡು ಬಾಯ್ಸ್ ಅದನ್ನು 1895ರಲ್ಲೇ ಪಡೆದಿದ್ದರು. ಆದರೆ ಇಂಥ ವಿದ್ವಾಂಸರಿಗೆ ಬಿಳಿಯರ ವಿಶ್ವವಿದ್ಯಾಲಯಗಳಲ್ಲಿ ಕಾಯಂ ಹುದ್ದೆಯೂ ಇರಲಿಲ್ಲ, ಅವರ ವಿಷಯವಾದ ಕಪ್ಪು ಜನರ ಇತಿಹಾಸಕ್ಕೆ ಪಠ್ಯದಲ್ಲಿ ಜಾಗವೂ ಇರಲಿಲ್ಲ. ವುಡ್‌ಸನ್ 1915ರಲ್ಲಿ ತಮ್ಮದೇ ಸಂಘ ಕಟ್ಟಿದರು, ಮರುವರ್ಷ ಪತ್ರಿಕೆ ತಂದರು. 1926ರ ಫೆಬ್ರವರಿಯಲ್ಲಿ ‘ನೀಗ್ರೋ ಇತಿಹಾಸ ಸಪ್ತಾಹ’ ಶುರುವಾಯಿತು.

ಮುಂದಿನ ತಲೆಮಾರಿನ ಪಾಡು ತಿಳಿಯಲು ಜಾನ್ ಹೋಪ್ ಫ್ರಾಂಕ್ಲಿನ್ ಅವರ ಒಂದು ಪ್ರಸಂಗ ಸಾಕು. 1939ರಲ್ಲಿ ಅವರು ಸಂಶೋಧನೆಗೆಂದು ಉತ್ತರ ಕೆರೊಲಿನಾದ ರಾಜ್ಯ ಪತ್ರಾಗಾರಕ್ಕೆ ಹೋದರು. ಅವರನ್ನು ಬೇರೆ ಕೋಣೆಯಲ್ಲಿ ಕೂರಿಸಿದರು. ಕಪ್ಪು ಮನುಷ್ಯನಿಗೆ ಬಿಳಿಯ ಸಹಾಯಕರು ಕಡತ ತಂದುಕೊಡಬಾರದಲ್ಲ, ಅದಕ್ಕೆ ಕಡತಕೋಣೆಯ ಕೀಲಿಯನ್ನೇ ಕೈಗೆ ಕೊಟ್ಟರು! ಕೆಲವೇ ದಿನಗಳಲ್ಲಿ ಬಿಳಿಯ ಸಂಶೋಧಕರು ಗೊಣಗಿದರು: ನಮಗಿಲ್ಲದ ಸೌಲಭ್ಯ ಇವನಿಗೇಕೆ? ಕೀಲಿ ವಾಪಸಾಯಿತು. 1947ರಲ್ಲಿ ಹೊರಬಂದ ಫ್ರಾಂಕ್ಲಿನ್‌ರ ‘ಫ್ರಮ್ ಸ್ಲೇವರಿ ಟು ಫ್ರೀಡಮ್’ ಮುಂದೆ ಈ ಕ್ಷೇತ್ರದ ಮುಖ್ಯ ಪಠ್ಯವಾಯಿತು.

ಅದೇ ಉತ್ತರ ಕೆರೊಲಿನಾ ರಾಜ್ಯ 1963ರಲ್ಲಿ ಸರ್ಕಾರಿ ಕ್ಯಾಂಪಸ್‌ಗಳಿಗೆ ಕಮ್ಯುನಿಸ್ಟ್ ಭಾಷಣಕಾರರು ಬರದಂತೆ ಕಾನೂನು ಮಾಡಿತು. ಹೆಸರಿಗೆ ಕಮ್ಯುನಿಸ್ಟರು; ಶಾಸಕರಿಗೆ ಸಿಟ್ಟಿದ್ದದ್ದು ವರ್ಣಭೇದದ ವಿರುದ್ಧ ಬೀದಿಗಿಳಿದ ವಿದ್ಯಾರ್ಥಿಗಳ ಮೇಲೆ. ಅತಿಥಿಗೆ ಬಾಗಿಲು ಮುಚ್ಚಿದ್ದು ಆ ರಾಜ್ಯವೊಂದೇ ಅಲ್ಲ. ಮರುವರ್ಷ, 1964ರ ಮೇ ತಿಂಗಳಲ್ಲಿ, ಕರ್ನಾಟಕದ ಸಮಾಜವಾದಿಗಳು ಗುರುವೆಂದು ಕಂಡ ರಾಮಮನೋಹರ ಲೋಹಿಯಾ ಮಿಸಿಸಿಪ್ಪಿಗೆ ಹೋದರು. ಕಪ್ಪು ವಿದ್ಯಾರ್ಥಿಗಳ ಟೂಗಲೂ ಕಾಲೇಜು ಅವರನ್ನು ಆದರಿಸಿತು. ಪಕ್ಕದ ಜಾಕ್ಸನ್ ನಗರದ ಬಿಳಿಯರ ಹೋಟೆಲೊಂದು ಒಳಗೆ ಬಿಡಲಿಲ್ಲ, ಪೊಲೀಸರು ಬಂಧಿಸಿದರು.

1966ರ ಮಾರ್ಚ್‌ನಲ್ಲಿ ಚಾಪೆಲ್ ಹಿಲ್‌ನಲ್ಲಿರುವ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹರ್ಬರ್ಟ್ ಆಪ್ಟೆಕರ್ ಅವರನ್ನು ಕರೆದರು. ಗುಲಾಮರು ವಿಧೇಯರಾಗಿದ್ದರೆಂಬ ನಂಬಿಕೆಯನ್ನು, ಅವರ ದಂಗೆಗಳ ಕುರಿತ 1943ರ ಪುಸ್ತಕದಲ್ಲಿ ದಾಖಲೆ ಸಮೇತ ಕೆಡವಿದ ಬಿಳಿಯ ಇತಿಹಾಸಕಾರ, ಕಮ್ಯುನಿಸ್ಟ್ ಕೂಡ. ಆಡಳಿತ ಬೇಡವೆಂದಿತು. ಆಪ್ಟೆಕರ್ ಕ್ಯಾಂಪಸ್ಸಿನ ಮೋಟುಗೋಡೆಯಾಚೆ ಊರಿನ ಫುಟ್‌ಪಾತಿನ ಮೇಲೆ ನಿಂತು ಮಾತಾಡಿದರು, ವಿದ್ಯಾರ್ಥಿಗಳು ಈಚೆ ಹುಲ್ಲಿನ ಮೇಲೆ ಕೂತು ಕೇಳಿದರು. ವಿದ್ಯಾರ್ಥಿ ನಾಯಕರು ಕೋರ್ಟಿಗೆ ಹೋದರು. 1968ರಲ್ಲಿ, ಭಾಷಣಕಾರರನ್ನು ತಡೆದ 1963ರ ಆ ಕಾನೂನು ಅಸಿಂಧುವಾಯಿತು.

ಆ ಹೊತ್ತಿಗೆ ಭಾಷಣವಷ್ಟೇ ಸಾಲದೆನ್ನುವ ಮಾತು ಗಟ್ಟಿಯಾಗಿತ್ತು. ಕಪ್ಪು ಜನರ ನಾಯಕ ಮಾಲ್ಕಮ್ ಎಕ್ಸ್, ಲೇಖಕ ಬಾಲ್ಡ್ವಿನ್, ಹೋರಾಟಗಾರ ಕಾರ್ಮೈಕಲ್ ಕ್ಯಾಂಪಸ್ಸುಗಳಲ್ಲಿ ಮಾತಾಡಿ ಹೋಗಿದ್ದರು. ಅವರು ಹೊರಟ ಮೇಲೆ ತರಗತಿಯಲ್ಲಿ ಮತ್ತದೇ ಹಳೆಯ ಪಾಠ. 1968ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ನಾಲ್ಕು ತಿಂಗಳಿಗೂ ಮೀರಿ ನಡೆದ ಆ ಜಗಳದಿಂದ ಕಪ್ಪು ಜನರ ಅಧ್ಯಯನ ವಿಭಾಗ ನೆಲೆಯೂರಿತು. ಬೇರೆಡೆಯೂ ವಿಭಾಗಗಳು ಹುಟ್ಟಿದವು. 1988ರಲ್ಲಿ ಟೆಂಪಲ್ ವಿಶ್ವವಿದ್ಯಾಲಯ ಪಿಎಚ್.ಡಿ.ಯನ್ನೂ ಆರಂಭಿಸಿತು.

ವುಡ್‌ಸನ್‌ರ ಸಪ್ತಾಹವನ್ನು 1970ರಲ್ಲಿ ಕೆಂಟ್ ಸ್ಟೇಟ್ ವಿದ್ಯಾರ್ಥಿಗಳು ತಿಂಗಳಾಗಿಸಿದರು; 1976ರಲ್ಲಿ ಅಧ್ಯಕ್ಷ ಫೋರ್ಡ್ ಅದಕ್ಕೆ ಮನ್ನಣೆ ಕೊಟ್ಟರು. ಈಗ ಫೆಬ್ರವರಿ ಬಂದರೆ ಕ್ಯಾಂಪಸ್ಸುಗಳಲ್ಲಿ ಅತಿಥಿ ಭಾಷಣಗಳ ಸುಗ್ಗಿ. ನನಗೆ ಇದರಲ್ಲಿ ಅರ್ಧ ಮಾತ್ರ ಸಮಾಧಾನ. ಮಾತಾಡಿ ಹೋಗುವ ಅತಿಥಿಯನ್ನು ಆಡಳಿತಗಳು ಸಹಿಸಲು ಕಲಿತಿವೆ. ತಕರಾರು ಏಳುವುದು ಪಠ್ಯದ ಮೇಲೆ. 2023ರ ಜನವರಿಯಲ್ಲಿ ಫ್ಲಾರಿಡಾ ರಾಜ್ಯ ತನ್ನ ಹೈಸ್ಕೂಲುಗಳಿಗೆ ಆಫ್ರಿಕನ್-ಅಮೆರಿಕನ್ ಅಧ್ಯಯನದ ಹೊಸ ಪಠ್ಯಕ್ರಮ ಬೇಡವೆಂದು ತಿರಸ್ಕರಿಸಿತು.